ಮೋಡವಿದೆ, ಮಳೆಯೂ ಇದೆ, ನೆಲಕ್ಕೆ ಮಾತ್ರ ಹನಿಯಿಲ್ಲ: ಶುಕ್ರನ ಬಗ್ಗೆ ಕೆಲವು ಕುತೂಹಲಗಳು

ಮೋಡ ಕವಿದರೆ ಮಳೆ, ಮಳೆ ಹೊಯ್ದರೆ ಕಾಡು. ಆಗುಂಬೆ, ಹುಲಿಕಲ್ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನೂರು ವರ್ಷದ ಹಿಂದೆ ಯುರೋಪಿನ ವಿಜ್ಞಾನಿಗಳೂ ಶುಕ್ರ ಗ್ರಹದ ಬಗ್ಗೆ ಇದೇ ಲೆಕ್ಕ ಹಾಕಿದ್ದರು. ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಅದರ ನೆಲ ಕಾಣುತ್ತಿರಲಿಲ್ಲ. ಕಂಡಿದ್ದೆಲ್ಲ ಬಿಳಿ ಮೋಡ, ಎಲ್ಲೂ ಬಿರುಕು ಬಿಡದ ಮೋಡ. ಅಷ್ಟು ಮೋಡ ಇದೆ ಅಂದಮೇಲೆ ಕೆಳಗೆ ಮಳೆ ಇರಲೇಬೇಕಲ್ವಾ? ಮಳೆ ಇದ್ದರೆ ಜೌಗು, ಕೆಸರು, ಸೊಂಪಾದ ಗಿಡಗಂಟಿ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಅವರೂ 1910ರ ದಶಕದಲ್ಲಿ ಶುಕ್ರನನ್ನು ಹೀಗೇ ಬಣ್ಣಿಸಿದರು: ಎಲ್ಲೆಲ್ಲೂ ನೀರು ತೊಟ್ಟಿಕ್ಕುವ, ಗಿಡಗಳು ಬೇಗ ಬೆಳೆದು ಬೇಗ ಕೊಳೆಯುವ ಲೋಕ. ಓದಿದರೆ ಯಾರೋ ಜುಲೈ ತಿಂಗಳಲ್ಲಿ ತೀರ್ಥಹಳ್ಳಿಗೆ ಬಂದು ಹೋಗಿ ಬರೆದಂತಿದೆ.

ತಮಾಷೆ ಏನೆಂದರೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತು ಎಂದು 1896ರಲ್ಲೇ ಲೆಕ್ಕ ಹಾಕಿದವರೂ ಇದೇ ಅರೇನಿಯಸ್. ಶುಕ್ರನ ಒಗಟಿಗೆ ಕೀಲಿಕೈ ಅವರ ಜೇಬಿನಲ್ಲೇ ಇತ್ತು. ಆದರೆ ಆ ಗ್ರಹದ ಗಾಳಿಯಲ್ಲಿ ಏನಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1932ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಶುಕ್ರನ ಬೆಳಕನ್ನು ಬಿಡಿಸಿ ನೋಡಿದಾಗ ಅಲ್ಲಿ ಕಂಡದ್ದು ನೀರಲ್ಲ, ಇಂಗಾಲದ ಡೈಆಕ್ಸೈಡ್. 1956ರಲ್ಲಿ ರೇಡಿಯೋ ದೂರದರ್ಶಕಗಳು ಆ ಗ್ರಹ ಕುದಿಯುವ ನೀರಿಗಿಂತ ಎಷ್ಟೋ ಪಾಲು ಬಿಸಿ ಎಂದವು. 1962ರ ಡಿಸೆಂಬರ್ 14ರಂದು ಅಮೆರಿಕದ ಮ್ಯಾರಿನರ್-2 ನೌಕೆ ಅದರ ಪಕ್ಕದಲ್ಲೇ ಹಾದುಹೋಗಿ ಅದನ್ನು ಖಚಿತ ಮಾಡಿತು. ಬೇರೊಂದು ಗ್ರಹದ ಹತ್ತಿರ ಹೋಗಿ ವರದಿ ಕಳಿಸಿದ ಮೊದಲ ನೌಕೆ ಅದು.

ನಮ್ಮಲ್ಲಿ ಎಲ್ಲರೂ ನೋಡಿರುವ ಗ್ರಹವೇ ಇದು. ಕೆಲವು ತಿಂಗಳು ಸಂಜೆ ಪಡುವಣದಲ್ಲಿ, ಕೆಲವು ತಿಂಗಳು ಬೆಳಗಿನ ಜಾವ ಮೂಡಣದಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯುವ ಬೆಳ್ಳಿ. ಮಕ್ಕಳಿಗೆ ತೋರಿಸಿದರೆ "ಸಾರ್, ಅದು ಡ್ರೋನ್ ಅಲ್ವಾ?" ಎಂದು ಕೇಳುತ್ತಾರೆ. ದೊಡ್ಡವರು ಕೇಳುವುದು ಬೇರೆ: "ಅಲ್ಲಿ ಜನ ಇರಬಹುದಾ ಮಾರಾಯ್ರೆ?"

ಗಾತ್ರ ಕೇಳಿದರೆ ಇರಬಹುದು ಎಂದೇ ಅನಿಸುತ್ತದೆ. ಭೂಮಿಯ ಅಡ್ಡಳತೆ 12,742 ಕಿ.ಮೀ. ಆದರೆ ಶುಕ್ರನದು 12,104. ಅಲ್ಲಿ ನಿಂತರೆ ನಿಮ್ಮ ತೂಕ ಇಲ್ಲಿಗಿಂತ ಶೇಕಡ 10ರಷ್ಟು ಮಾತ್ರ ಕಡಿಮೆ. ನಮಗೆ ಅತಿ ಹತ್ತಿರ ಬರುವ ಗ್ರಹವೂ ಅದೇ, ಹತ್ತಿರ ಬಂದಾಗ ಸುಮಾರು 4 ಕೋಟಿ ಕಿ.ಮೀ. ಮಂಗಳ ಅಷ್ಟು ಹತ್ತಿರ ಬರುವುದೇ ಇಲ್ಲ. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಶುಕ್ರನ ನೆಲದ ಬಿಸಿ ಸುಮಾರು 465 ಡಿಗ್ರಿ ಸೆಲ್ಸಿಯಸ್. ಸೀಸ ಕರಗಲು 327 ಸಾಕು.

ಸೂರ್ಯನಿಗೆ ಹತ್ತಿರ, ಅದಕ್ಕೇ ಬಿಸಿಯಾ?

ಎಲ್ಲರೂ ಕೊಡುವ ಉತ್ತರ ಇದೇ. ಆದರೆ ಬುಧ ಇನ್ನೂ ಹತ್ತಿರ. ಸೂರ್ಯನಿಂದ ಬುಧ ಸುಮಾರು 5.8 ಕೋಟಿ ಕಿ.ಮೀ. ದೂರದಲ್ಲಿದ್ದರೆ ಶುಕ್ರ 10.8 ಕೋಟಿ. ಆದರೂ ಬುಧನ ನಡುಮಧ್ಯಾಹ್ನದ ಬಿಸಿ 430 ಡಿಗ್ರಿ ದಾಟುವುದಿಲ್ಲ, ರಾತ್ರಿ ಮೈನಸ್ 180ಕ್ಕೆ ಇಳಿಯುತ್ತದೆ. ಶುಕ್ರನಲ್ಲಿ ಹಗಲು ರಾತ್ರಿ ಒಂದೇ, ನಡುಭಾಗ ಧ್ರುವ ಒಂದೇ. ಎಲ್ಲೆಡೆ ಅದೇ ಕಾವು.

ಇನ್ನೂ ವಿಚಿತ್ರ ಏನೆಂದರೆ, ಶುಕ್ರ ಹೀರಿಕೊಳ್ಳುವ ಬಿಸಿಲು ಭೂಮಿ ಹೀರುವುದಕ್ಕಿಂತ ಕಡಿಮೆ. ಅಲ್ಲಿಗೆ ತಲುಪುವ ಬಿಸಿಲು ನಮ್ಮ ಸುಮಾರು ಎರಡರಷ್ಟು, ನಿಜ. ಆದರೆ ಅದರ ಮುಕ್ಕಾಲು ಪಾಲನ್ನು ಆ ಬಿಳಿ ಮೋಡ ಹಾಗೇ ವಾಪಸ್ ಎಸೆಯುತ್ತದೆ. ನಮಗೆ ಅದು ಅಷ್ಟು ಹೊಳೆಯುವುದೂ ಅದಕ್ಕೇ. ಬರೀ ಬಿಸಿಲಿನ ಲೆಕ್ಕ ಹಿಡಿದರೆ ಶುಕ್ರ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿ ಮರಗಟ್ಟಿರಬೇಕಿತ್ತು. ಮೈನಸ್ 40 ಎಲ್ಲಿ, 465 ಎಲ್ಲಿ? ನಡುವಿನ 500 ಡಿಗ್ರಿ ಬಂದದ್ದು ಗಾಳಿಯಿಂದ.

ಇದರ ಒಂದು ಚಿಕ್ಕ ರುಚಿ ಮಲೆನಾಡಿನ ಚಳಿಗಾಲದಲ್ಲೇ ಸಿಗುತ್ತದೆ. ಡಿಸೆಂಬರ್ ಕೊನೆಯಲ್ಲಿ ರಾತ್ರಿ ಆಕಾಶ ಶುಭ್ರವಾಗಿದ್ದರೆ ಬೆಳಗ್ಗೆ ಕಂಬಳಿ ಬಿಟ್ಟು ಏಳುವುದೇ ಕಷ್ಟ. ಅದೇ ವಾರದಲ್ಲಿ ಒಂದು ರಾತ್ರಿ ಮೋಡ ಮುಚ್ಚಿಕೊಂಡರೆ ಚಳಿಯೇ ಗೊತ್ತಾಗುವುದಿಲ್ಲ. ಅಂಗಳದಲ್ಲಿ ಅಡಿಕೆ ಹರವಿದವರಿಗೆ ಮಾತ್ರ ನಿದ್ದೆ ಇಲ್ಲ. ಹಗಲು ಕಾದ ನೆಲ ರಾತ್ರಿಯೆಲ್ಲ ಶಾಖವನ್ನು ಬಿಡುತ್ತಲೇ ಇರುತ್ತದೆ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ. ಆಕಾಶ ತೆರೆದಿದ್ದರೆ ಅದರಲ್ಲಿ ಜಾಸ್ತಿ ಪಾಲು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ಮೋಡ ಇದ್ದರೆ ಅದು ಶಾಖವನ್ನು ಹೀರಿ ಒಂದಿಷ್ಟನ್ನು ಮತ್ತೆ ನೆಲಕ್ಕೇ ಕಳಿಸುತ್ತದೆ. ಇಂಗಾಲದ ಡೈಆಕ್ಸೈಡ್ ಮಾಡುವುದೂ ಇದನ್ನೇ. ಮೋಡ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೇ.

ನಮ್ಮ ಗಾಳಿಯಲ್ಲಿ ಅದರ ಪಾಲು 10,000ಕ್ಕೆ 4ರಷ್ಟು. ಶುಕ್ರನ ಗಾಳಿಯಲ್ಲಿ ಶೇಕಡ 96.5. ಜೊತೆಗೆ ಅಲ್ಲಿ ಗಾಳಿಯೇ ವಿಪರೀತ. ನೆಲದ ಮೇಲೆ ಅದರ ಒತ್ತಡ ಇಲ್ಲಿಯ ಸುಮಾರು 92 ಪಟ್ಟು. ಕೊಡಚಾದ್ರಿಯ ತುದಿ ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರ ಇದೆ. ಅದರ ಮೂರನೇ ಎರಡು ಭಾಗದಷ್ಟು ಆಳಕ್ಕೆ, ಅಂದರೆ ಸುಮಾರು 900 ಮೀಟರ್ ಕೆಳಗೆ, ಸಮುದ್ರದಲ್ಲಿ ಮುಳುಗಿದರೆ ಮೈಮೇಲೆ ಅಷ್ಟೇ ಒತ್ತಡ ಬೀಳುತ್ತದೆ. ಗಾಳಿ ಅಷ್ಟು ದಟ್ಟ ಇರುವುದರಿಂದ ನೆಲದ ಹತ್ತಿರ ಅದರ ಓಟವೂ ನಿಧಾನ, ಮನುಷ್ಯ ನಡೆಯುವ ವೇಗ ಅಷ್ಟೇ. ಮೇಲೆ ಮೋಡದ ತುದಿಯಲ್ಲಿ ಮಾತ್ರ ಗಂಟೆಗೆ 360 ಕಿ.ಮೀ. ಬಿರುಗಾಳಿ. ಆ ಮೋಡಗಳು ಇಡೀ ಗ್ರಹವನ್ನು ಸುಮಾರು 4 ದಿನದಲ್ಲಿ ಸುತ್ತಿ ಬರುತ್ತವೆ.

ಹಾಗಾದರೆ ಮಳೆ?

ಬರುತ್ತದೆ. ನೀರಲ್ಲ, ಗಂಧಕಾಮ್ಲ. ಜ್ವಾಲಾಮುಖಿಗಳಿಂದ ಬಂದ ಗಂಧಕದ ಡೈಆಕ್ಸೈಡ್ ಬಿಸಿಲಿಗೆ ಸಿಕ್ಕಿ, ಅಲ್ಲಿರುವ ಚೂರುಪಾರು ನೀರಾವಿಯ ಜೊತೆ ಸೇರಿ ಆಮ್ಲವಾಗುತ್ತದೆ. ನೆಲದಿಂದ 48ರಿಂದ 70 ಕಿ.ಮೀ. ಎತ್ತರದವರೆಗೆ ಹಬ್ಬಿರುವ ಮೋಡ ಆ ಆಮ್ಲದ ಹನಿಗಳದೇ. ಹನಿ ದಪ್ಪಗಾಗಿ ಬೀಳತೊಡಗುತ್ತದೆ. ಬೀಳುತ್ತಾ ಬೀಳುತ್ತಾ ಗಾಳಿ ಕಾಯುತ್ತಾ ಹೋಗುತ್ತದೆ. ನೆಲ ಇನ್ನೂ ಎಷ್ಟೋ ಕಿಲೋಮೀಟರ್ ಕೆಳಗಿರುವಾಗಲೇ ಹನಿ ಆವಿಯಾಗಿ ಮಾಯ. ಮತ್ತೆ ಮೇಲೇರಿ ಮತ್ತೆ ಮೋಡ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ನೆಲಕ್ಕೆ ಬೀಳುತ್ತದೆ. ಶುಕ್ರನಲ್ಲಿ ಒಂದು ಹನಿಯೂ ಇಲ್ಲ.

ನನ್ನ ಪ್ರಕಾರ ಎರಡು ಗ್ರಹಗಳ ನಡುವಿನ ಎಲ್ಲ ವ್ಯತ್ಯಾಸಕ್ಕೂ ಬೇರು ಇಲ್ಲೇ ಇದೆ. ಮಳೆ ನೆಲ ಮುಟ್ಟುತ್ತದೋ ಇಲ್ಲವೋ ಎನ್ನುವುದರಲ್ಲಿ.

ಶುಕ್ರನಲ್ಲಿರುವಷ್ಟು ಇಂಗಾಲ ಹೆಚ್ಚು ಕಡಿಮೆ ಭೂಮಿಯಲ್ಲೂ ಇದೆ. ಆದರೆ ನಮ್ಮದು ಗಾಳಿಯಲ್ಲಿಲ್ಲ, ಕಲ್ಲಿನಲ್ಲಿದೆ. ಸುಣ್ಣದ ಕಲ್ಲಿನಲ್ಲಿ. ಅದನ್ನು ಅಲ್ಲಿ ಕೂಡಿಹಾಕಿದ್ದು ಮಳೆ. ಮಳೆನೀರು ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಯನ್ನು ನಿಧಾನಕ್ಕೆ ತಿನ್ನುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ಕಿತ್ತು ಹೊಳೆಗೆ ಕೊಡುತ್ತದೆ. ಹೊಳೆ ಸಮುದ್ರಕ್ಕೆ ಒಯ್ಯುತ್ತದೆ. ಅಲ್ಲಿ ಚಿಪ್ಪುಜೀವಿಗಳು ಆ ಕ್ಯಾಲ್ಸಿಯಂ ಮತ್ತು ಕರಗಿದ ಇಂಗಾಲ ಎರಡನ್ನೂ ಸೇರಿಸಿ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಚಿಪ್ಪು ತಳ ಸೇರಿ, ಕಾಲಾಂತರದಲ್ಲಿ ಸುಣ್ಣದ ಕಲ್ಲು. ಗಾಳಿಯಲ್ಲಿದ್ದ ಇಂಗಾಲ ಹೀಗೆ ಕೋಟ್ಯಂತರ ವರ್ಷ ಕಲ್ಲಿನೊಳಗೆ ಬಂದಿ.

ಈ ಕೆಲಸ ನಡೆಯುವ ಜಾಗದಲ್ಲೇ ನಾವು ಮನೆ ಕಟ್ಟಿಕೊಂಡಿದ್ದೇವೆ. ಸಾಗರ, ಹೊಸನಗರ ಕಡೆ ಗೋಡೆಗೆ ಬಳಸುವ ಜಂಬಿಟ್ಟಿಗೆ ಕಲ್ಲನ್ನು ಹತ್ತಿರದಿಂದ ನೋಡಿ. ಕೆಂಪು, ತೂತು ತೂತು. ಮಳೆ ಲಕ್ಷಾಂತರ ವರ್ಷ ತೊಳೆದು ತೊಳೆದು, ಕರಗುವುದನ್ನೆಲ್ಲ ಒಯ್ದ ಮೇಲೆ ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಗಟ್ಟಿ ಅದು. ಇಲ್ಲಿಯ ಮಣ್ಣು ಹುಳಿ ಇರುವುದೂ ಇದಕ್ಕೇ, ಮಳೆ ಕ್ಯಾಲ್ಸಿಯಂ ಒಯ್ದುಬಿಟ್ಟಿದೆ. ತೋಟಕ್ಕೆ ಸುಣ್ಣ ಹಾಕಿ ಎಂದು ಕೃಷಿ ಇಲಾಖೆಯವರು ಹೇಳುವುದೂ ಇದಕ್ಕೇ. ಶರಾವತಿ ಹೊನ್ನಾವರದಲ್ಲಿ ಸಮುದ್ರಕ್ಕೆ ಕೊಟ್ಟದ್ದರಲ್ಲಿ ಒಂದು ಪಾಲು ಗೊಬ್ಬರದಂಗಡಿ ಮೂಲಕ ವಾಪಸ್ ಬರುತ್ತದೆ ಅಂದುಕೊಳ್ಳಿ, ದುಡ್ಡು ಕೊಟ್ಟು.

ಎಲೆಯಡಿಕೆ ಹಾಕುವವರ ಮನೆಯಲ್ಲಿ ಇದರ ಇನ್ನೊಂದು ತುದಿ ಇದೆ. ಚಿಪ್ಪನ್ನೋ ಸುಣ್ಣದ ಕಲ್ಲನ್ನೋ ಗೂಡಿನಲ್ಲಿ ಸುಟ್ಟಾಗ ಕಲ್ಲಿನಲ್ಲಿ ಬಂದಿಯಾಗಿದ್ದ ಇಂಗಾಲದ ಡೈಆಕ್ಸೈಡ್ ಬಿಡಿಸಿಕೊಂಡು ಹೊರಗೆ ಹೋಗುತ್ತದೆ. ಉಳಿದದ್ದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ತಿನ್ನುವ ಸುಣ್ಣ. ಆ ಸುಣ್ಣದ ಡಬ್ಬಿಯ ಮುಚ್ಚಳ ಹಾಕಲು ಮರೆತು ನೋಡಿ. ಮೇಲೆ ಗಟ್ಟಿ ಕೆನೆ ಕಟ್ಟುತ್ತದೆ. ಒಣಗಿದ್ದು ಅಷ್ಟೇ ಅಲ್ಲ, ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹಿಡಿದು ಮತ್ತೆ ಕಲ್ಲಾಗುತ್ತಿದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೇ.

ಶುಕ್ರನಲ್ಲಿ ಈ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ನೆಲಕ್ಕೆ ಮಳೆ ಇಲ್ಲ, ಹೊಳೆ ಇಲ್ಲ, ಸಮುದ್ರ ಇಲ್ಲ, ಚಿಪ್ಪಿಲ್ಲ. ಜ್ವಾಲಾಮುಖಿಗಳು ಉಗುಳಿದ ಇಂಗಾಲವೆಲ್ಲ ಗಾಳಿಯಲ್ಲೇ ಉಳಿಯಿತು. ಭೂಮಿಯ ಸುಣ್ಣದ ಕಲ್ಲುಗಳನ್ನೆಲ್ಲ ಒಟ್ಟಿಗೆ ಗೂಡಿಗೆ ಹಾಕಿ ಸುಟ್ಟರೆ ನಮ್ಮ ಆಕಾಶವೂ ಹೆಚ್ಚು ಕಡಿಮೆ ಅಷ್ಟೇ ದಪ್ಪ ಆಗುತ್ತದೆ.

ಮೊದಲು ಅಲ್ಲಿ ನೀರೇ ಇರಲಿಲ್ಲವಾ? ಇತ್ತು. ಅದಕ್ಕೊಂದು ಸುಳಿವೂ ಇದೆ. ಹೈಡ್ರೋಜನ್‌ಗೆ ಡ್ಯೂಟೀರಿಯಂ ಎಂಬ ಭಾರದ ದಾಯಾದಿ ಉಂಟು. ಭೂಮಿಯ ನೀರಿನಲ್ಲಿ ಅದು ಬಹಳ ಅಪರೂಪ. 1978ರಲ್ಲಿ ಶುಕ್ರನಿಗೆ ಹೋದ ಪಯೊನೀರ್ ವೀನಸ್ ನೌಕೆ ಅಳೆದಾಗ, ಅಲ್ಲಿ ಅದರ ಪ್ರಮಾಣ ಇಲ್ಲಿಯ 100 ಪಟ್ಟಿಗೂ ಹೆಚ್ಚು ಎಂದು ಗೊತ್ತಾಯಿತು. ಇದರ ಅರ್ಥ ಸರಳ. ಮೇಲೇರಿದ ನೀರಾವಿಯನ್ನು ಸೂರ್ಯನ ನೇರಳಾತೀತ ಕಿರಣ ಒಡೆದಿದೆ. ಹಗುರ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಓಡಿಹೋಗಿದೆ, ಭಾರದ್ದು ಹಿಂದುಳಿದಿದೆ. ಉಳಿದವರ ತಲೆ ಎಣಿಸಿದರೆ ಓಡಿಹೋದವರು ಎಷ್ಟು ಎಂದು ಅಂದಾಜಾಗುತ್ತದೆ. ಆ ನೀರು ಒಂದು ಕಾಲಕ್ಕೆ ಸಮುದ್ರವಾಗಿ ನಿಂತಿತ್ತಾ, ಇಲ್ಲ ಮೊದಲಿನಿಂದಲೂ ಆವಿಯಾಗೇ ಇತ್ತಾ ಎಂಬ ಬಗ್ಗೆ ವಿಜ್ಞಾನಿಗಳು ಇನ್ನೂ ಜಗಳ ಆಡುತ್ತಿದ್ದಾರೆ. ಎರಡರಲ್ಲಿ ಯಾವುದಾದರೂ ಮುಂದಿನ ಕತೆ ಒಂದೇ. ನೀರಾವಿಯೂ ಶಾಖವನ್ನು ಹಿಡಿದಿಡುತ್ತದೆ. ಬಿಸಿ ಹೆಚ್ಚಿದರೆ ಆವಿ ಜಾಸ್ತಿ, ಆವಿ ಜಾಸ್ತಿಯಾದರೆ ಬಿಸಿ ಇನ್ನೂ ಜಾಸ್ತಿ. ಕೊನೆಗೆ ನೀರೂ ಹೋಯಿತು, ಇಂಗಾಲವನ್ನು ಕಲ್ಲಿಗೆ ಕಟ್ಟುವ ದಾರಿಯೂ ಮುಚ್ಚಿತು.

ಇಷ್ಟು ಹೇಳಿದ ಕೂಡಲೇ ಬರುವ ಪ್ರಶ್ನೆ: ನಮ್ಮ ಭೂಮಿಗೂ ಇದೇ ಗತಿಯಾ? ನಾವು ಸುಡುವ ಕಲ್ಲಿದ್ದಲು, ಪೆಟ್ರೋಲಿನಿಂದ ಭೂಮಿ ಶುಕ್ರನಾಗುವುದಿಲ್ಲ. ಸೂರ್ಯ ನಿಧಾನಕ್ಕೆ ಪ್ರಖರವಾಗುತ್ತಿರುವುದರಿಂದ ಸುಮಾರು 100 ಕೋಟಿ ವರ್ಷದ ನಂತರ ಸಮುದ್ರ ಆರುವ ಕಾಲ ಬರಬಹುದು. ಹಾಗೆಂದು ಈಗ ನೆಮ್ಮದಿಯಾಗಿ ಕೂರುವ ಹಾಗೂ ಇಲ್ಲ. ಅಡಿಕೆ ತೋಟ ಹಾಳಾಗಲು 465 ಡಿಗ್ರಿ ಬೇಕಿಲ್ಲ, ಮಳೆ ಒಂದೆರಡು ವಾರ ಜಾಸ್ತಿ ಹಿಡಿದರೂ ಕೊಳೆರೋಗ ಬಂದು ಕೂರುತ್ತದೆ. ಮಳೆ ಇಂಗಾಲವನ್ನು ಕಲ್ಲಿಗೆ ಕಟ್ಟುವುದು ನಿಜ, ಆದರೆ ಅದು ಲಕ್ಷ ವರ್ಷಗಳ ಕೆಲಸ. ನಾವು ಸುಡುವ ವೇಗಕ್ಕೆ ಅದು ಸಾಟಿಯಲ್ಲ.

ವರ್ಷಕ್ಕಿಂತ ಉದ್ದದ ದಿನ

ಶುಕ್ರ ಸೂರ್ಯನನ್ನು ಒಂದು ಸುತ್ತು ಹಾಕಲು 225 ದಿನ ಸಾಕು. ತನ್ನ ಸುತ್ತ ತಾನು ಒಮ್ಮೆ ತಿರುಗಲು ಮಾತ್ರ 243 ದಿನ ಬೇಕು, ಅದೂ ಉಲ್ಟಾ ದಿಕ್ಕಿನಲ್ಲಿ. ಹಾಗಾಗಿ ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ಎರಡೂ ಚಲನೆ ಸೇರಿಸಿದರೆ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯಕ್ಕೆ ನಮ್ಮ 117 ದಿನ.

ಆಗುಂಬೆಯ ಸೂರ್ಯಾಸ್ತದ ಜಾಗದಲ್ಲಿ ನಿಂತವರಿಗೆ ಒಂದೇ ಚಿಂತೆ, ಫೋಟೋ ತೆಗೆಯುವಷ್ಟರಲ್ಲಿ ಸೂರ್ಯ ಜಾರಿಬಿಡುತ್ತಾನೆ. ಇಲ್ಲಿ ಮುಳುಗುವ ಸೂರ್ಯನನ್ನು ಬೆನ್ನಟ್ಟಿ ಹಾಗೇ ಹಿಡಿದಿಡಬೇಕೆಂದರೆ ಗಂಟೆಗೆ 1,600 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡಬೇಕು. ಶುಕ್ರನ ನಡುರೇಖೆಯಲ್ಲಿ ಗಂಟೆಗೆ 14 ಕಿ.ಮೀ. ಸಾಕು, ಸೈಕಲ್ ತುಳಿಯುತ್ತಾ ಹೋದರೆ ಸೂರ್ಯ ಮುಳುಗುವುದೇ ಇಲ್ಲ. ಆದರೆ ಅಲ್ಲಿ ನೆಲದಿಂದ ಸೂರ್ಯನ ಬಿಂಬ ಕಾಣುವುದಿಲ್ಲ. ಮೋಡ ಕವಿದ ಹಗಲಿನಷ್ಟು ಬೆಳಕು, ಅದೂ ಕಿತ್ತಳೆ ಬಣ್ಣದ್ದು, ಅಷ್ಟೇ. ಗ್ರಹದ ಅಕ್ಷ ಹೆಚ್ಚು ವಾಲಿಲ್ಲ, ಹಾಗಾಗಿ ಋತುಗಳೂ ಇಲ್ಲ. ಮಳೆಗಾಲ ಯಾವಾಗ ಮುಗಿಯುತ್ತದೆ ಎಂದು ಕಾಯುವ ಸುಖವೂ ಇಲ್ಲ.

ಈ ಕಿತ್ತಳೆ ಬೆಳಕು ಹೇಗೆ ಗೊತ್ತಾಯಿತು ಅಂದರೆ, ಸೋವಿಯತ್ ಒಕ್ಕೂಟದ ವೆನೆರಾ ನೌಕೆಗಳು ಹೋಗಿ ಇಳಿದಿದ್ದವು. 1970ರ ಡಿಸೆಂಬರ್ 15ರಂದು ವೆನೆರಾ-7 ಇಳಿದು 20 ನಿಮಿಷದ ಆಸುಪಾಸು ಬದುಕಿತ್ತು. 1975ರ ಅಕ್ಟೋಬರ್‌ನಲ್ಲಿ ವೆನೆರಾ-9 ಅಲ್ಲಿಂದ ಚಿತ್ರ ಕಳಿಸಿತು, ಬೇರೊಂದು ಗ್ರಹದ ನೆಲದಿಂದ ಬಂದ ಮೊದಲ ಚಿತ್ರ. 1982ರ ಮಾರ್ಚ್ 1ರಂದು ಇಳಿದ ವೆನೆರಾ-13 ಬಣ್ಣದ ಚಿತ್ರ ಕಳಿಸಿ 127 ನಿಮಿಷ ತಾಳಿತು. ಇಳಿಯುವ ನೌಕೆಗಳಲ್ಲಿ ಇದನ್ನು ಮೀರಿಸಿದ್ದು ಇನ್ನೂ ಇಲ್ಲ. ನಾಲ್ಕು ದಿನದ ನಂತರ ಇಳಿದ ವೆನೆರಾ-14ರ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ನೆಲ ಎಷ್ಟು ಗಟ್ಟಿ ಎಂದು ಒತ್ತಿ ನೋಡಲು ಅದಕ್ಕೊಂದು ಕೈ ಇತ್ತು. ಆ ಕೈ ಚಾಚಿ ಒತ್ತಿದ್ದು, ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಮುಚ್ಚಳದ ಮೇಲೆ. ಕೋಟಿಗಟ್ಟಲೆ ಕಿಲೋಮೀಟರ್ ಹೋಗಿ ತನ್ನದೇ ಮುಚ್ಚಳದ ಗಟ್ಟಿತನ ಅಳೆದು ಸತ್ತಿತು.

ಮೋಡದ ಕೆಳಗೆ ಇಡೀ ಗ್ರಹ ಹೇಗಿದೆ ಎಂದು ತೋರಿಸಿದ್ದು 1990ರಿಂದ 1994ರವರೆಗೆ ಸುತ್ತಿದ ಅಮೆರಿಕದ ಮೆಗೆಲ್ಲನ್ ನೌಕೆ. ರೇಡಾರ್ ಅಲೆಗೆ ಮೋಡ ಅಡ್ಡಿಯಲ್ಲ, ಹಾಗಾಗಿ ಶೇಕಡ 98ರಷ್ಟು ನೆಲದ ನಕ್ಷೆ ಸಿಕ್ಕಿತು. ಎಲ್ಲೆಲ್ಲೂ ಲಾವಾ ಹರಿದ ಬಯಲು, ಜ್ವಾಲಾಮುಖಿ. ಆ ಹಳೇ ಚಿತ್ರಗಳನ್ನೇ ಮತ್ತೆ ಕೆದಕಿದವರಿಗೆ 2023ರಲ್ಲಿ ಹೊಸದೊಂದು ಸಿಕ್ಕಿತು. ಮಾತ್ ಮಾನ್ಸ್ ಎಂಬ ಜ್ವಾಲಾಮುಖಿಯ ಒಂದು ಬಾಯಿ 1991ರ ಫೆಬ್ರುವರಿಗೂ ಅಕ್ಟೋಬರಿಗೂ ನಡುವೆ ಆಕಾರ ಬದಲಿಸಿ ಅಗಲವಾಗಿತ್ತು. ಅಂದರೆ ಜ್ವಾಲಾಮುಖಿಗಳು ಈಗಲೂ ಜೀವಂತ. ಅಂದಹಾಗೆ, ಅಲ್ಲಿಯ ಜಾಗಗಳಿಗೆ ಹೆಣ್ಣಿನ ಹೆಸರಿಡುವುದು ರೂಢಿ, ಎರಡು ಮೂರು ಹಳೇ ಹೆಸರು ಬಿಟ್ಟರೆ. ಒಂದು ದೊಡ್ಡ ಪ್ರಸ್ಥಭೂಮಿಗೆ ಲಕ್ಷ್ಮಿಯ ಹೆಸರಿದೆ. ಒಂದು ಕುಳಿಗೆ ವೈದ್ಯೆ ಆನಂದಿಬಾಯಿ ಜೋಶಿ ಅವರ ಹೆಸರು.

ಜೀವ? ನೆಲದ ಮೇಲೆ ಸಾಧ್ಯವೇ ಇಲ್ಲ. 55 ಕಿ.ಮೀ. ಎತ್ತರದಲ್ಲಿ ಮಾತ್ರ ಬಿಸಿ 27 ಡಿಗ್ರಿ ಅಷ್ಟೇ, ಶಿವಮೊಗ್ಗದ ಹವೆ. ಒತ್ತಡ ಇಲ್ಲಿಯ ಅರ್ಧ. 1985ರಲ್ಲಿ ಸೋವಿಯತ್ತಿನ ವೇಗಾ ನೌಕೆಗಳು ಹೆಚ್ಚು ಕಡಿಮೆ ಆ ಎತ್ತರದಲ್ಲಿ ಎರಡು ಬಲೂನು ಬಿಟ್ಟಿದ್ದವು, ಎರಡೂ ಸುಮಾರು ಎರಡು ದಿನ ತೇಲಾಡಿದವು. 2020ರಲ್ಲಿ ಆ ಮೋಡದಲ್ಲಿ ಫಾಸ್ಫೀನ್ ಎಂಬ ಅನಿಲ ಸಿಕ್ಕಿದೆ, ಅದು ಜೀವದ ಸುಳಿವಿರಬಹುದು ಎಂದು ದೊಡ್ಡ ಸುದ್ದಿಯಾಯಿತು. ಬೇರೆಯವರು ಅದೇ ಅಂಕಿಅಂಶ ತಿರುವಿ ಹಾಕಿದಾಗ ಸುಳಿವು ತೆಳುವಾಯಿತು, ವಾದ ಇನ್ನೂ ಮುಗಿದಿಲ್ಲ. ಆಮ್ಲದ ಹನಿಯಲ್ಲಿ ಬದುಕುವ ಜೀವಿ ಇದೆ ಎಂದು ನಂಬಲು ನನಗಂತೂ ಇನ್ನೂ ಗಟ್ಟಿ ಸಾಕ್ಷಿ ಬೇಕು.

ನಮ್ಮ ಇಸ್ರೋ ಕೂಡ ಹೊರಟಿದೆ. ಶುಕ್ರನನ್ನು ಸುತ್ತುವ ನೌಕೆಗೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 1,236 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಉಡಾವಣೆಯ ಗುರಿ 2028ರ ಮಾರ್ಚ್. ಅದರಲ್ಲೂ ಮೋಡ ತೂರಿ ನೋಡುವ ರೇಡಾರ್ ಇದೆ. ಬೇಕಾದಾಗ ಹೋಗಲು ಆಗುವುದಿಲ್ಲ. ಭೂಮಿ, ಶುಕ್ರ ಸರಿಯಾದ ಜಾಗಕ್ಕೆ ಬರುವುದು 584 ದಿನಕ್ಕೊಮ್ಮೆ, ಒಂದು ಬಸ್ ತಪ್ಪಿದರೆ ಮುಂದಿನದು 19 ತಿಂಗಳ ನಂತರ.

ಮಲೆನಾಡಿಗೆ ಸಿಗುವ ಬೆಳ್ಳಿ ಯಾವುದು?

ಶುಕ್ರನ ದಾರಿ ನಮ್ಮ ದಾರಿಯ ಒಳಗಿದೆ. ಹಾಗಾಗಿ ಅದು ಸೂರ್ಯನಿಂದ 47 ಡಿಗ್ರಿಗಿಂತ ದೂರ ಕಾಣುವುದಿಲ್ಲ. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಹೆಚ್ಚೆಂದರೆ ಮೂರು ಗಂಟೆ, ಇಲ್ಲ ಸೂರ್ಯ ಹುಟ್ಟುವ ಮೊದಲು ಮೂರು ಗಂಟೆ. ನಡುರಾತ್ರಿ ನೆತ್ತಿಯ ಮೇಲೆ ಏನೋ ಜೋರಾಗಿ ಹೊಳೆಯುತ್ತಿದ್ದರೆ ಅದು ಶುಕ್ರ ಅಲ್ಲ, ಬಹುಶಃ ಗುರು.

ಪಂಚಾಂಗ ನೋಡುವವರಿಗೆ ಶುಕ್ರಾಸ್ತ ಗೊತ್ತಿರುತ್ತದೆ, ಅಂದರೆ ಶುಕ್ರ ಸೂರ್ಯನ ಪ್ರಭೆಯಲ್ಲಿ ಮರೆಯಾಗಿ ಕಾಣದಿರುವ ಕಾಲ. ಆ ದಿನಗಳಲ್ಲಿ ಮದುವೆ ಮುಹೂರ್ತ ಇಡುವುದಿಲ್ಲ. ಕೆಲವೊಮ್ಮೆ ಈ ಅಸ್ತ ಹತ್ತು ದಿನದಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಎರಡು ತಿಂಗಳು ಎಳೆಯುತ್ತದೆ. ಯಾಕೆ ಹೀಗೆ? ಶುಕ್ರ ಸೂರ್ಯನ ಆಚೆ ಬದಿಗೆ ಹೋದಾಗ ನಮ್ಮಿಂದ 26 ಕೋಟಿ ಕಿ.ಮೀ. ದೂರ ಇರುತ್ತದೆ. ಆಕಾಶದಲ್ಲಿ ಸೂರ್ಯನ ಪ್ರಭೆ ದಾಟಿ ಬರಲು ಅದಕ್ಕೆ ವಾರಗಟ್ಟಲೆ ಬೇಕು. ಈಚೆ ಬದಿಯಲ್ಲಿ, ನಮಗೂ ಸೂರ್ಯನಿಗೂ ನಡುವೆ ಹಾಯುವಾಗ ಬರೀ 4 ಕೋಟಿ ಕಿ.ಮೀ. ಹತ್ತಿರದಲ್ಲಿ ಹಾಯುವುದರಿಂದ ಸರ್ರನೆ ಸರಿದುಹೋಗುತ್ತದೆ. ಮುಹೂರ್ತದ ಮಾತು ಬಿಡಿ, ಅಸ್ತದ ಲೆಕ್ಕ ಮಾತ್ರ ಪಕ್ಕಾ ಖಗೋಳ. 2026ರ ಜನವರಿ 6ರ ಸುತ್ತಿನದು ಉದ್ದದ ಅಸ್ತ, ಅದೇ ವರ್ಷ ಅಕ್ಟೋಬರ್ 24ರ ಸುತ್ತಿನದು ಗಿಡ್ಡದು.

ಇನ್ನೊಂದು ಸೊಗಸು ಇದೆ. 584 ದಿನದ ಐದು ಸುತ್ತು ಸೇರಿದರೆ ಬಹುತೇಕ ಸರಿಯಾಗಿ 8 ವರ್ಷ. ಆದ್ದರಿಂದ ಶುಕ್ರ 8 ವರ್ಷಕ್ಕೊಮ್ಮೆ ಅದೇ ತಿಂಗಳು ಅದೇ ಜಾಗಕ್ಕೆ ಬರುತ್ತದೆ. ಸಂಜೆ ಸೂರ್ಯನಿಂದ ಅತಿ ದೂರ ಕಂಡ ತಿಂಗಳುಗಳನ್ನು ನೋಡಿ: 2018ರ ಆಗಸ್ಟ್, 2020ರ ಮಾರ್ಚ್, 2021ರ ಅಕ್ಟೋಬರ್, 2023ರ ಜೂನ್, 2025ರ ಜನವರಿ. ಆಮೇಲೆ ಮತ್ತೆ 2026ರ ಆಗಸ್ಟ್. ಐದು ಸರದಿ, ಅದೇ ಚಕ್ರ. ಇದರಲ್ಲಿ ಜೂನ್ ಮತ್ತು ಆಗಸ್ಟನ್ನು ಮಲೆನಾಡಿನ ಮಳೆ ನುಂಗುತ್ತದೆ. ಅಕ್ಟೋಬರಿನಲ್ಲಿ ಹಿಂಗಾರು ಅರ್ಧ ತಿನ್ನುತ್ತದೆ. ನಮ್ಮ ಪಾಲಿಗೆ ಗ್ಯಾರಂಟಿ ಸಿಗುವುದು ಮಾರ್ಚ್ ಮತ್ತು ಜನವರಿಯ ಸರದಿ ಮಾತ್ರ. 2020ರ ಮಾರ್ಚ್ ಅಂದರೆ ಲಾಕ್‌ಡೌನ್ ಶುರುವಾದ ದಿನಗಳೇ. ಮನೆಯಲ್ಲಿ ಕೂತ ಜನ ಸಂಜೆ ಮಹಡಿ ಹತ್ತಿ "ಅದೇನು ಅಷ್ಟು ಹೊಳೀತಿದೆ?" ಎಂದು ಕೇಳಿದ್ದು ಅದನ್ನೇ. ಆ ಸರದಿ ಮತ್ತೆ 2028ರ ಮಾರ್ಚ್‌ನಲ್ಲಿ ಬರಬೇಕು, ಜನವರಿಯದು 2033ರಲ್ಲಿ.

ಮೋಡದಿಂದ ಶುಕ್ರ ತಪ್ಪಿಹೋಯಿತು ಎಂದು ಬೇಜಾರಾಗುವವರು ಫ್ರಾನ್ಸಿನ ಗಿಯೋಮ್ ಲ ಜಾಂತೀ ಕತೆ ಕೇಳಬೇಕು. ಶುಕ್ರ ಸೂರ್ಯನ ಬಿಂಬದ ಮೇಲೆ ಕಪ್ಪು ಚುಕ್ಕಿಯಾಗಿ ಹಾಯುವುದು ಅಪರೂಪ. ಇದಕ್ಕೆ ಶುಕ್ರ ಸಂಕ್ರಮಣ ಎನ್ನುತ್ತಾರೆ. ಭೂಮಿಯಿಂದ ಸೂರ್ಯನ ದೂರ ಅಳೆಯಲು ಆಗ ಅದೇ ಒಳ್ಳೇ ದಾರಿ. 1761ರ ಸಂಕ್ರಮಣ ನೋಡಲು ಲ ಜಾಂತೀ ಪುದುಚೇರಿಗೆ ಹೊರಟರು. ಅಷ್ಟರಲ್ಲಿ ಊರು ಬ್ರಿಟಿಷರ ಕೈಗೆ ಹೋಗಿತ್ತು. ತೂಗಾಡುವ ಹಡಗಿನಿಂದ ನೋಡಿದ್ದು ಅಳತೆಗೆ ಬರಲಿಲ್ಲ. ಎಂಟು ವರ್ಷ ಈ ಕಡೆಯ ಸಮುದ್ರಗಳಲ್ಲೇ ಅಲೆದು, ಪುದುಚೇರಿಯಲ್ಲಿ ವೀಕ್ಷಣಾಲಯ ಕಟ್ಟಿ ಕಾದರು. 1769ರ ಜೂನ್ 4ರ ಬೆಳಗ್ಗೆ ಮೋಡ ಮುಚ್ಚಿತು. ಊರಿಗೆ ಮರಳಿದರೆ ಇವರು ಸತ್ತರೆಂದೇ ನಂಬಿ ನೆಂಟರು ಆಸ್ತಿಗೆ ಕೈ ಹಾಕಿದ್ದರು. ಮುಂದೆ 1874ರ ಸಂಕ್ರಮಣದ ಹೊತ್ತಿಗೆ ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಅದನ್ನು ಸಾಮಾನ್ಯ ಜನರಿಗೆ ತಿಳಿಸಲು ಕಿರುಪುಸ್ತಕವನ್ನೇ ಬರೆದರು. ನಮ್ಮ ಕಾಲದ್ದು 2004 ಮತ್ತು 2012ರ ಜೂನ್‌ನಲ್ಲಿ ಆಗಿಹೋಯಿತು. ಇನ್ನು 2117ರ ಡಿಸೆಂಬರ್‌ಗೆ.

ಅಷ್ಟು ಕಾಯಬೇಕಿಲ್ಲದ ನೋಟವೂ ಇದೆ. ಶುಕ್ರವೂ ಚಂದ್ರನ ಹಾಗೆ ಆಕಾರ ಬದಲಿಸುತ್ತದೆ, ಬಿದಿಗೆಯಿಂದ ಹುಣ್ಣಿಮೆಯವರೆಗೆ. ಗೆಲಿಲಿಯೋ 1610ರಲ್ಲಿ ಇದನ್ನು ಕಂಡು, ಶುಕ್ರ ಸುತ್ತುವುದು ಸೂರ್ಯನನ್ನು, ಭೂಮಿಯನ್ನಲ್ಲ ಎಂದು ಖಚಿತ ಮಾಡಿಕೊಂಡರು. ನಮಗೆ ಹತ್ತಿರ ಇರುವಾಗ ಅದು ತೆಳು ಕುಡುಗೋಲಿನ ಆಕಾರ, ಆದರೂ ಗಾತ್ರ ದೊಡ್ಡದಾಗಿ ಕಾಣುವುದರಿಂದ ಹೊಳಪು ಆಗಲೇ ಜಾಸ್ತಿ. ಕರೆಂಟು ಹೋದ ಕಪ್ಪು ರಾತ್ರಿಯಲ್ಲಿ ಬಿಳಿ ಗೋಡೆಯ ಮೇಲೆ ಅದರ ಬೆಳಕಿಗೆ ನೆರಳು ಬೀಳುವಷ್ಟು.

2026ರ ನವೆಂಬರ್, ಡಿಸೆಂಬರ್‌ನಲ್ಲಿ ಈ ಕುಡುಗೋಲು ಬೆಳಗಿನ ಜಾವಕ್ಕೆ ಬರುತ್ತದೆ. ಮಳೆ ನಿಂತಿರುತ್ತದೆ, ಕೊನೆಕೊಯ್ಲಿನ ಕಾಲ, ಬೆಳ್ಳಿ ಮೂಡುವ ಹೊತ್ತಿಗೆ ಮನೆಯಲ್ಲಿ ಹೇಗೂ ಯಾರಾದರೂ ಎದ್ದಿರುತ್ತಾರೆ. ದೂರದರ್ಶಕ ಬೇಡ, ಸಾಧಾರಣ ಬೈನಾಕ್ಯುಲರ್ ಸಾಕು. ಕೈ ನಡುಗುತ್ತದೆ, ಹಾಗಾಗಿ ಅಂಗಳದ ಕಂಬಕ್ಕೋ ಬೇಲಿಗೂಟಕ್ಕೋ ಒತ್ತಿ ಹಿಡಿಯಿರಿ. ನವೆಂಬರಿನಲ್ಲೇ ನೋಡುವುದು ಒಳ್ಳೇದು, ದಿನ ಕಳೆದಂತೆ ಗ್ರಹ ದೂರ ಹೋಗಿ ಕುಡುಗೋಲು ಚಿಕ್ಕದಾಗುತ್ತಾ, ದಪ್ಪವಾಗುತ್ತಾ ಹೋಗುತ್ತದೆ. ಆಕಾಶ ಪೂರ್ತಿ ಕಪ್ಪಿರುವಾಗ ಹೊಳಪಿಗೆ ಕಣ್ಣು ಕೋರೈಸಿ ಆಕಾರ ಗೊತ್ತಾಗುವುದಿಲ್ಲ. ಮೂಡಣ ಸ್ವಲ್ಪ ಬೆಳಗಾದಾಗ ಚೆನ್ನಾಗಿ ಕಾಣುತ್ತದೆ. ಸೂರ್ಯ ಗುಡ್ಡದ ಮೇಲೆ ಬರುವ ಮೊದಲೇ ಬೈನಾಕ್ಯುಲರ್ ಕೆಳಗಿಡಿ, ಮಕ್ಕಳ ಕೈಯಿಂದಲೂ ತೆಗೆದುಕೊಳ್ಳಿ. ಅದರಲ್ಲಿ ಸೂರ್ಯನನ್ನು ಅಪ್ಪಿತಪ್ಪಿ ನೋಡಿದರೂ ಕಣ್ಣು ಹೋಗುತ್ತದೆ.